ಬಿಳಿ ಬೀಜದ ಕೆಂಪು ಲೆಟ್ಯೂಸ್

"ಅಯ್ಯೋ! ಏನ್ರೀ ಮಾಡಿದ್ರಿ!"

ಹಿತ್ತಿಲ ಬಾಗಿಲಲ್ಲಿ ನಿಂತವಳ ಕೈಯಿಂದ ಅಮ್ಮನ ಔಷಧಿಯ ಲೋಟ ಜಾರಿಬಿತ್ತು.

ಪಾತಿಯಲ್ಲಿ ಬೆವರೊರೆಸಿಕೊಳ್ಳುತ್ತ ನಿಂತಿದ್ದವನು ಮಹಡಿಗೆ ಹೊಸದಾಗಿ ಬಂದ ಬಾಡಿಗೆದಾರ. ಲಿಫ್ಟ್ ರಿಪೇರಿ ಅವನ ಕೆಲಸ. ಅವನ ಕಾಲ ಬಳಿ ಬೇರುಸಮೇತ ಕಿತ್ತ ಗಿಡಗಳ ರಾಶಿ.

"ಕಳೆ ತೆಗೆದೆ... ಅಮ್ಮನ್ನ ನೋಡ್ಕೊಳ್ಳೋದ್ರಲ್ಲೇ ನಿಮಗೆ ಸಾಕುಸಾಕಾಗಿದೆ ಅನ್ನಿಸ್ತು."

"ಕಳೆಯಾ? ಲೆಟ್ಯೂಸ್ ಸೊಪ್ಪು ಕಣ್ರೀ ಅದು!"

"ಸೊಂಟದೆತ್ತರಕ್ಕಾ?"

"ಬೀಜಕ್ಕೆ ಬಿಟ್ಟಿದ್ದು!"

ಬೆಣ್ಣೆಯಂತೆ ಮೆತ್ತಗಿನ ಗುಂಡು ಲೆಟ್ಯೂಸ್, ಉದ್ದೆಲೆಯ ಗರಿಗರಿ ಲೆಟ್ಯೂಸ್ ಎರಡೂ ಪಾತಿಯಲ್ಲಿ ಹಾಗೇ ಇದ್ದವು. ಅವಕ್ಕೆ ಅಂಗಡಿಯಲ್ಲಿ ಬೀಜ ಸಿಗುತ್ತದೆ. ಹೋದದ್ದು ಅಮ್ಮ ವರ್ಷ ವರ್ಷವೂ ಬೀಜ ಉಳಿಸಿಕೊಂಡು ಬಂದಿದ್ದ ಕೆಂಪು ಲೆಟ್ಯೂಸ್. ಹಳೆಯ ಬೀಜವನ್ನೆಲ್ಲ ಬಿತ್ತಿಯಾಗಿತ್ತು.

ಪಾರ್ಶ್ವವಾಯು ಬಡಿದು ಮಲಗಿದ್ದ ಅಮ್ಮನಿಗೆ ಕಿಟಕಿಯಿಂದ ಪಾತಿ ಕಾಣುತ್ತಿರಲಿಲ್ಲ. ಹೊರಟವನ ಮುಖ ಮಾತ್ರ ಕಂಡಿತು.

"ಯಾರೇ ಅದು?"

"ಮೇಲಿನ ಮನೆಯವ್ರು. ಲಿಫ್ಟ್ ರಿಪೇರಿ ಮಾಡ್ತಾರಂತೆ."

"ಮುಖ ನೋಡಿದ್ರೆ ತಾನೇ ಒಳಗೆ ಸಿಕ್ಕಿಹಾಕ್ಕೊಂಡ ಹಾಗಿದೆ!" ಅಮ್ಮ ಅರ್ಧ ಬಾಯಲ್ಲಿ ನಕ್ಕಳು. ಆಮೇಲೆ ದಿನವೂ ಕೇಳುವುದನ್ನೇ ಕೇಳಿದಳು. "ಬೀಜ ಬಂತಾ ಮಗಳೇ?"

"ಬರ್ತಿದೆ ಅಮ್ಮ..."

ಮರುವಾರ ಅಮ್ಮ ಒರಗಿ ಕೂರಲೆಂದು ಮೇಲಿನ ಮನೆಯವನು ಬಂದು ಮಂಚಕ್ಕೆ ಹಗ್ಗ, ರಾಟೆ ಕಟ್ಟಿಕೊಟ್ಟ. ಅಮ್ಮನನ್ನು ಮಗುವಿನಂತೆ ಎತ್ತಿ ಕೂರಿಸಿದ. ಆ ಕೈಗಳಿಂದ ಅವಳು ಕಷ್ಟಪಟ್ಟು ಕಣ್ಣು ಕಿತ್ತುಕೊಂಡಳು.

'ಇವನ ಮೇಲೆ ಮನಸ್ಸಾಗಬಾರದು. ಅಮ್ಮನ ಬೀಜ ಹಾಳುಮಾಡಿದವನು...'

ಅವನೊಡನೆ ಅವಳು ಒಂದು ಮಾತೂ ಆಡಲಿಲ್ಲ.

ಅಮ್ಮನ ಉಸಿರು ಕುಗ್ಗುತ್ತ ಬಂದಾಗ ತಡೆಯಲಾಗದೆ ಮಗಳು ಅಂಗಡಿಯ ಬೀಜ ತಂದು ಅಮ್ಮನ ಅಂಗೈಗೆ ಹಾಕಿದಳು. "ನೋಡಮ್ಮ, ಬಂತು!"

ಅಮ್ಮ ಬಹಳ ಹೊತ್ತು ನೋಡಿದಳು.

"ಇದು ಕಪ್ಪು... ನಂದು ಬಿಳಿ ಕಣೇ."

ಅಷ್ಟೇ. ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಆ ವಾರವೇ ಹೋಗಿಬಿಟ್ಟಳು.

ನೆಂಟರೆಲ್ಲ ಹೊರಟ ಮೇಲೆ ಹಗ್ಗ, ರಾಟೆ ಹಿಂದಿರುಗಿಸಲು ಅವಳು ಮೇಲೆ ಹೋದಳು. ಬಾಗಿಲಲ್ಲೇ ಕಾಲು ನಿಂತಿತು. ಕಿಟಕಿಯ ಸರಳಿಗೆ ತಲೆಕೆಳಗಾಗಿ ಕಟ್ಟಿದ ಒಣ ಗಿಡಗಳು... ಕೆಳಗೆ ಹಾಸಿದ ಕಾಗದದ ಮೇಲೆ ಚಿಟಿಕೆಯಷ್ಟು ಬಿಳಿ ಬೀಜ. ಪಕ್ಕದ ತಟ್ಟೆಯಲ್ಲಿ ಬರೀ ಮಣ್ಣು.

"ಇದು... ನಿಮ್ಮ ಹತ್ರ ಇತ್ತಾ?"

"ಕಿತ್ತ ಗಿಡದಲ್ಲೇ ಒಂದಿಷ್ಟು ಬೀಜ ಬಲಿತಿತ್ತು. ಸಸಿ ಮಾಡಿಯೇ ಕೊಡೋಣ ಅಂತಿದ್ದೆ. ಎಷ್ಟು ಸಲ ಬಿತ್ತಿದ್ರೂ ಏಳಲೇ ಇಲ್ಲ."

"ಅಮ್ಮ ಕೆಳಗೆ ಇದನ್ನೇ ಕೇಳ್ತಾ ಕೇಳ್ತಾ ಸತ್ತಳು ಕಣ್ರೀ! ಬೀಜಾನೇ ತಂದು ತೋರಿಸಿದ್ರೆ ಸಾಕಾಗಿತ್ತು!"

ಅವನ ಮುಖ ಬಿಳಿಚಿಕೊಂಡಿತು. ನೆಲದ ಮೇಲೆ ಕೂತು ಅತ್ತುಬಿಟ್ಟ.

ಅವಳೂ ಅತ್ತಳು. ಅತ್ತು ಅತ್ತು ಸಾಕಾದ ಮೇಲೆ ತಟ್ಟೆಯನ್ನು ಎಳೆದುಕೊಂಡು ಬೆರಳಿಂದ ಮಣ್ಣು ಕೆದಕಿದಳು. ಬೀಜ ಎರಡು ಗೆಣ್ಣಿನಷ್ಟು ಆಳದಲ್ಲಿತ್ತು.

"ಇಷ್ಟು ಆಳಕ್ಕೆ ಯಾರಾದ್ರೂ ಹೂಳ್ತಾರಾ? ಇದಕ್ಕೆ ಬೆಳಕು ಬೇಕು. ಮೇಲೆ ಉದುರಿಸಿ ಸುಮ್ಮನೆ ಒತ್ತಬೇಕು."

ಇಬ್ಬರೂ ಕೂತು ಮತ್ತೆ ಬಿತ್ತಿದರು.

ಹೆಚ್ಚಿನವು ಜೊಳ್ಳು. ಎದ್ದದ್ದು ಮೂರೇ ಮೂರು ಮೊಳಕೆ. ಅಮ್ಮನ ಖಾಲಿ ಮಂಚದ ಪಕ್ಕದ ಕಿಟಕಿಯಲ್ಲಿ ತಟ್ಟೆಯಿಟ್ಟು ಅವಳು ಅವನ ಕಡೆ ತಿರುಗಿದಳು.

"ಕೋಪ ಹೋಗಿಲ್ಲ ನನಗೆ."

"ಗೊತ್ತು. ಹೋಗಬೇಕು ಅಂತ ಕೇಳಲ್ಲ."

"ಇನ್ಮೇಲೆ ನನ್ನಿಂದ ಏನನ್ನೂ ಮುಚ್ಚಿಡಬೇಡಿ."

ಅವನು ತಲೆ ತಗ್ಗಿಸಿದ. "ಹಾಗಾದ್ರೆ... ಇನ್ನೂ ಒಂದನ್ನ ಮನಸ್ಸಲ್ಲಿ ಮುಚ್ಚಿಟ್ಟಿದ್ದೀನಿ."

ಅವಳ ಕಣ್ಣು ತುಂಬಿ ಬಂತು.

"ಗೊತ್ತು," ಎಂದಳು ಮೆಲ್ಲಗೆ. "ಅದಕ್ಕೂ ಬೆಳಕು ಬೇಕಲ್ವಾ... ಹೇಳಿಬಿಡಿ."