ಹಿಂದಿನ ಸೀಟಿನ ಎಡಮೂಲೆ

ನಂಬುವುದು ಬಿಡುವುದು ನಿಮ್ಮಿಷ್ಟ, ನಡೆದದ್ದನ್ನಷ್ಟೇ ಹೇಳುತ್ತೇನೆ. ಅಪ್ಪ ತೀರಿಕೊಂಡ ವರ್ಷ, ಎಲೆ ಉದುರುವ ಕಾಲ. ಅವರು ಮೂವತ್ತು ವರ್ಷ ಮಗುವಿನಂತೆ ಸಾಕಿದ ಕಾರನ್ನು ಚಿಕ್ಕಪ್ಪನ ಊರಿಗೆ ಮುಟ್ಟಿಸಲು ನಾನೂ ಅಕ್ಕನೂ ಹೊರಟೆವು. ಎರಡು ದಿನದ ದಾರಿ.

ಮೊದಲ ದಿನವೇ ಒಳಗಿನ ಕನ್ನಡಿ ಕಾಟ ಕೊಟ್ಟಿತು. ಹಿಂದಿನ ರಸ್ತೆ ಕಾಣುವಂತೆ ಎಷ್ಟು ಸರಿಪಡಿಸಿದರೂ ಕಿರ್ರೆಂದು ತಿರುಗಿ, ಖಾಲಿ ಹಿಂದಿನ ಸೀಟಿನ ಎಡಮೂಲೆಯನ್ನೇ ತೋರಿಸುತ್ತಿತ್ತು. ದಾರಿಯಲ್ಲಿ ಸಿಕ್ಕ ಮೆಕ್ಯಾನಿಕ್ ಸ್ಕ್ರೂ ಬಿಗಿದು, "ಇನ್ನು ಆನೆ ಬಂದು ಎಳೆದ್ರೂ ಅಲ್ಲಾಡಲ್ಲ" ಎಂದ. ಹತ್ತು ಕಿಲೋಮೀಟರ್ ಹೋಗುವುದರೊಳಗೆ ಮತ್ತೆ ಎಡಮೂಲೆ.

ಅಕ್ಕನ ಕಣ್ಣು ತುಂಬಿತು. "ಚಿಕ್ಕವನಿದ್ದಾಗ ನೀನು ಕೂರ್ತಿದ್ದ ಜಾಗ ಕಣೋ ಅದು. ಅಪ್ಪ ಕನ್ನಡೀನ ಹೀಗೇ ತಿರುಗಿಸಿಟ್ಟು ನಿನ್ನ ನೋಡ್ಕೊಂಡೇ ಓಡಿಸ್ತಿದ್ರು."

ಮರುದಿನ ಮಧ್ಯಾಹ್ನ ಸ್ಟೀರಿಂಗ್ ಅವಳಿಗೆ ಕೊಟ್ಟು ಆ ಮೂಲೆಯಲ್ಲಿ ಹೋಗಿ ಕೂತೆ. ಒಣಗಿದ ಎಲೆಗಳು ಗಾಜಿಗೆ ಬಡಿಯುತ್ತಿದ್ದವು. ಕನ್ನಡಿಯಲ್ಲಿ ನನ್ನ ಮುಖ ಕಂಡಿತು.

"ಬಂದಿದ್ದೀನಪ್ಪ" ಅಂದೆ.

ಕನ್ನಡಿ ಕಿರ್ರೆಂದು ತಿರುಗಿ ಬಲಮೂಲೆಗೆ ನಿಂತಿತು.

"ನಾನು ಮುಟ್ಟಿಲ್ಲ ಕಣೋ" ಎಂದಳು ಅಕ್ಕ, ಮುಂದೆ ನೋಡುತ್ತಲೇ.

ಆ ಕಡೆ ತಿರುಗುವ ಧೈರ್ಯ ನನಗಾಗಲಿಲ್ಲ. ಕೈಯನ್ನಷ್ಟೇ ಮೆಲ್ಲಗೆ ಸರಿಸಿದೆ. ಚಳಿಗೆ ಸೀಟೆಲ್ಲ ತಣ್ಣಗಿತ್ತು, ಆ ಮೂಲೆ ಮಾತ್ರ ಬೆಚ್ಚಗಿತ್ತು.

ಅಪ್ಪನಿಗೆ ನಾವಿಬ್ಬರೇ ಮಕ್ಕಳು. ಹಿಂದೆ ಕೂತರೆ ವಾಂತಿಯಾಗುತ್ತದೆಂದು ಅಕ್ಕ ಸದಾ ಮುಂದೆ, ಅಮ್ಮನ ತೊಡೆಯ ಮೇಲೆ. ಆ ಬಲಮೂಲೆಯಲ್ಲಿ ನಮ್ಮ ಮನೆಯವರು ಯಾರೂ ಎಂದೂ ಕೂತವರಲ್ಲ.