ಕಾಟಾದ ಮೇಲೆ ಬಾಳು

ಅಮೋಲನ ಜೀಪು ನನ್ನ ಬೈಕಿಗೆ ಅಡ್ಡ ಬಂದು ನಿಂತಿತು.

ಎರಡೂ ಕಡೆ ಆಳೆತ್ತರದ ಕಬ್ಬು. ಹಿಂದೆ ಶಿರಗುಪ್ಪಿ. ಮುಂದೆ ಕುಡಚಿ ರೈಲ್ವೆ ಸ್ಟೇಶನ್, ಅಲ್ಲಿ ಅಕ್ಕುತಾಯಿ ನನಗಾಗಿ ಕಾಯುತ್ತಿದ್ದಳು. ನಡುವೆ ನಾನು... ಬ್ಯಾಗಿನಲ್ಲಿ ಲ್ಯಾಪ್‌ಟಾಪು, ಜೊತೆಗೆ ಫ್ಯಾಕ್ಟರಿಯಿಂದ ಕದ್ದು ತಂದ ಹಾರ್ಡ್‌ಡಿಸ್ಕ್.

ಅಕ್ಕುತಾಯಿಯ ಗಂಡ ಬಾಳು ಸಕ್ಕರೆ ಫ್ಯಾಕ್ಟರಿಯ ಕಾಟಾದ ಮೇಲೆ, ಅಂದರೆ ಕಬ್ಬಿನ ಗಾಡಿ ತೂಗುವ ಕಟ್ಟೆಯ ಮೇಲೆ, ಟ್ರ್ಯಾಕ್ಟರಿಗೆ ಸಿಕ್ಕು ಸತ್ತಿದ್ದ. ಕುಡಿದು ತಾನೇ ಬಿದ್ದ ಎಂದು ಕಾಟಾದ ಮ್ಯಾನೇಜರ್ ಅಮೋಲ ಪೊಲೀಸರಿಗೆ ಹೇಳಿದ. ನನ್ನ ಗಂಡ ಹನಿ ಮುಟ್ಟಿದವನಲ್ಲ ಎಂದು ಆಕೆ ಕಂಡಕಂಡವರಿಗೆಲ್ಲ ಹೇಳಿದಳು. ಯಾರೂ ನಂಬಲಿಲ್ಲ. ಕೊನೆಗೆ ನನ್ನ ಬಳಿ ಬಂದಳು. ಪೊಲೀಸ್ ಕೆಲಸ ಬಿಟ್ಟು ಚಿಕ್ಕೋಡಿಯಲ್ಲಿ ಇಂಥವನ್ನೇ ಹುಡುಕಿಕೊಡುವವನು ನಾನು. ಫ್ಯಾಕ್ಟರಿಯ ಕಂಪ್ಯೂಟರ್ ಆಪರೇಟರ್ ದೀಪಾಲಿ ಕ್ಯಾಮೆರಾದ ಡಿಸ್ಕನ್ನು ಊಟದ ಡಬ್ಬಿಯಲ್ಲಿಟ್ಟು ಹೊರಗೆ ತಂದುಕೊಟ್ಟಿದ್ದಳು.

“ಇಳೀರಿ ಸಾಹೇಬ್ರ,” ಎಂದ ಅಮೋಲ. ಅವನ ಹಿಂದೆ ಇಬ್ಬರು, ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ.

ಇಳಿದೆ.

“ಡಿಸ್ಕ್ ಹಚ್ಚರಿ. ನಾನೂ ನೋಡತೀನಿ.”

ಜೀಪಿನ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪು ಇಟ್ಟು ಹಚ್ಚಿದೆ. ಒಬ್ಬ ಕೊಯ್ತಾವನ್ನು ನನ್ನ ಕುತ್ತಿಗೆಗೆ ಒತ್ತಿದ್ದ. ತಣ್ಣಗಿತ್ತು.

ಗೇಟಿನ ಫೈಲು, ಯಾರ್ಡಿನ ಫೈಲು ಎಲ್ಲ ಇದ್ದವು. ಅಮೋಲ ತಾನೇ ಸರ್ಚಿನಲ್ಲಿ ಒತ್ತಿದ: kata*

ಸ್ಟಾರ್ ಅಂದರೆ ಅಲ್ಲಿ ಏನು ಬೇಕಾದರೂ ಇರಲಿ ಎಂದು. ಹೆಸರು ಕಾಟಾ ಎಂದು ಶುರುವಾದರೆ ಸಾಕು, ಆಮೇಲೆ ತಾರೀಖೋ ಗಂಟೆಯೋ ಏನಿದ್ದರೂ ನಡೆಯುತ್ತದೆ. ಇದೊಂದೇ ಸಾಲಿನಿಂದ ಅವನು ಫ್ಯಾಕ್ಟರಿಯಲ್ಲಿ ಮೊದಲೇ ಕಾಟಾದ ಫೈಲುಗಳನ್ನೆಲ್ಲ ಒರೆಸಿ ಹಾಕಿದ್ದ.

ಒಂದೂ ಬರಲಿಲ್ಲ.

ಅಮೋಲ ನಕ್ಕ. “ಒಯ್ರಿ. ಆಕಿಗೂ ತೋರಸ್ರಿ. ತನ್ನ ಕಣ್ಣೀಲೆ ನೋಡಿದ್ರ ಸುಮ್ನಾಗ್ತಾಳ.”

ಮುಂದಿನದನ್ನು ನಗದೆ ಹೇಳಿದ. ಇನ್ನೊಮ್ಮೆ ಫ್ಯಾಕ್ಟರಿ ಕಡೆ ಸುಳಿದರೆ ನಾನೂ ಕಾಟಾದ ಮೇಲೆ ಬೀಳುತ್ತೇನಂತೆ.

ಕುಡಿಯದೇ ಇದ್ದರೂ.

ಜೀಪು ಸರಿಯಿತು. ಬೈಕು ಓಡಿಸಿದೆ. ಕೃಷ್ಣೆಯ ಸೇತುವೆ ಹತ್ತುವಾಗ ಬೈಕು ಯಾಕೋ ಭಾರವಾಯಿತು. ಹಿಂದಿನ ಸೀಟಿನಲ್ಲಿ ಯಾರೋ ಕೂತ ಹಾಗೆ... ತಿರುಗಿ ನೋಡಲಿಲ್ಲ. ಯಾರೆಂದು ನನಗೆ ಗೊತ್ತಿತ್ತು.

ನೋಡಿ, ನನ್ನ ತಲೆ ಕೊರೆಯುತ್ತಿದ್ದದ್ದು ಒಂದೇ. ಬಾಳು ಸತ್ತದ್ದು ಕಬ್ಬು ನುರಿಸುವ ಹಂಗಾಮಿನ ಮೊದಲ ದಿನ. ಕಾಟಾಕ್ಕೆ ಪೂಜೆಯಾಗಿ, ಕಾಯಿ ಒಡೆದು, ಮೊದಲ ಗಾಡಿ ತೂಗುವ ದಿನ. ನಮ್ಮ ಕಡೆ ಅಂಥ ದಿನ ಯಾರು ಏನು ಬರೆದರೂ ಮೊದಲು ಶ್ರೀ ಬರೆಯುತ್ತಾರೆ. ಟ್ರ್ಯಾಕ್ಟರಿನ ಹಣೆಯ ಮೇಲೂ ಬರೆಯುತ್ತಾರೆ. ಫೈಲಿಗೆ ಹೆಸರಿಡುವ ದೀಪಾಲಿ ಬರೆಯದೆ ಬಿಟ್ಟಾಳೆಯೇ?

ಸ್ಟೇಶನ್ನಿನ ಬೆಂಚಿನ ಮೇಲೆ ಅಕ್ಕುತಾಯಿಯ ಪಕ್ಕ ಕೂತು ಒತ್ತಿದೆ: *kata*

ಈಗ ಎರಡೂ ಬದಿಗೆ ಸ್ಟಾರ್. ಕಾಟಾಕ್ಕಿಂತ ಮೊದಲು ಏನೇ ಇರಲಿ, ಆಮೇಲೆ ಏನೇ ಇರಲಿ.

ಒಂದೇ ಒಂದು ಫೈಲು ಬಂತು. ಅದರ ಹೆಸರು shri_kata ಎಂದು ಶುರುವಾಗಿತ್ತು.

ತೆರೆದೆ. ಬಾಳು ನೆಟ್ಟಗೆ ನಡೆದು ಬಂದ. ಕಾಲು ತೂರಾಡಲಿಲ್ಲ. ಕಟ್ಟೆಯ ಮೇಲೆ ಬಿದ್ದ ಪೂಜೆಯ ಕೊಬ್ಬರಿ ಚೂರು ಆರಿಸಿಕೊಂಡು ಹೆಗಲ ಟವೆಲಿನ ತುದಿಗೆ ಕಟ್ಟಿದ. ಅವನ ಬೆನ್ನ ಹಿಂದೆ ಹಾರ ಹಾಕಿದ ಟ್ರ್ಯಾಕ್ಟರು ಹಿಂದಕ್ಕೆ ಸರಿಯತೊಡಗಿತು. ಸ್ಟಿಯರಿಂಗ್ ಅಮೋಲನ ಕೈಯಲ್ಲಿ. ಇನ್ನೊಂದು ಕೈಯಲ್ಲಿ ಮೊಬೈಲು.

“ನಿಲ್ಲಸ್ರಿ ಅಣ್ಣಾರ,” ಎಂದಳು ಅಕ್ಕುತಾಯಿ.

ನಿಲ್ಲಿಸಿದೆ. ಬಾಳು ಗಂಟು ಬಿಗಿದು ತಲೆ ಎತ್ತಿದ್ದ. ಕ್ಯಾಮೆರಾದ ಕಡೆಗೇ... ನನ್ನ ಕಡೆಗೇ ನೋಡುತ್ತಿದ್ದ. ಸತ್ತವರನ್ನು ಬಹಳ ನೋಡಿದ್ದೇನೆ. ಸಾಯುವುದು ಗೊತ್ತಿಲ್ಲದೆ ನನ್ನನ್ನು ನೋಡಿದವನು ಇವನೊಬ್ಬನೇ.

ಆಕೆ ಪರದೆಯ ಮೇಲೆ ಆ ಗಂಟನ್ನು ಬೆರಳಿನಿಂದ ಮುಟ್ಟಿದಳು.

“ನನಗಂತ ಕಟಗೊಂಡಾನ. ನನಗ ಇಷ್ಟ ಸಾಕ್ರಿ. ಮುಂದಿಂದು ನಾ ನೋಡೂದಿಲ್ಲ.”

ಮುಂದಿನದನ್ನು ಪೊಲೀಸರಿಗೆ ಒಯ್ದು ಕೊಟ್ಟೆ. ಸಂಜೆಯೊಳಗೆ ಅಮೋಲನನ್ನು ಎತ್ತಿಕೊಂಡು ಹೋದರು. ಮೊದಲಿನ ಭಾಗವನ್ನು ಯಾರೂ ಕೇಳಲಿಲ್ಲ.

ಕೇಸಿಗೆ ಬಾಳು ಸಾಯುವುದಷ್ಟೇ ಸಾಕಂತೆ.