ಎತ್ತುಗಳ ಮುಂದೆ ಇಂಗ್ಲೀಷ್

“ಗುಡ್ ಮಾರ್ನಿಂಗ್, ಸರ್! ಐ ಹ್ಯಾವ್ ಪಾಸ್ಡ್ ಬಿ.ಎ., ಸರ್!”

ನೇಮಣ್ಣ ಹೀಗೆ ಕೂಗಿದ್ದು ಯಾವ ಸಾಹೇಬನಿಗೂ ಅಲ್ಲ, ಗಾಡಿಯ ಎತ್ತುಗಳಿಗೆ. ಅವು ಬಾಲ ಬೀಸುತ್ತ ಹುಕ್ಕೇರಿಯ ದಾರಿ ಹಿಡಿದಿದ್ದವು.

ಹಿಂದೆ ಕೂತಿದ್ದ ತಂಗಿ ಜಿನ್ನವ್ವ ಮುಖ ಮುಚ್ಚಿಕೊಂಡಳು. “ಅಣ್ಣಾ, ಮೆಲ್ಲಕ ಮಾತಾಡೋ! ಮಂದಿ ನೋಡಾಕತ್ತಾರ.”

“ನೋಡ್ಲಿ ಬಿಡು. ಸೋಮವಾರ ಬೆಳಗಾವ್ಯಾಗ ನೌಕರಿ ಮುಲಾಖತಿ ಐತಿ. ಬಾಯಿ ಬಿಡಾಕ ರೂಢಿ ಬೇಕಲ್ಲ?”

ನೇಮಣ್ಣ ಸಾಂಗ್ಲಿಯಲ್ಲಿ ಓದಿ ಬಿ.ಎ. ಪಾಸಾದವನು. ಪುಟಗಟ್ಟಲೆ ಇಂಗ್ಲೀಷ್ ಬರೆಯಬಲ್ಲ. ಮಾತಾಡಲು ಮಾತ್ರ ತಮ್ಮೂರು ಘೋಡಗೇರಿಯಲ್ಲಿ ಯಾರಿದ್ದರು? ಹೋದ ಸಲ ಕಾರಕೂನನ ನೌಕರಿಗೆಂದು ಬೆಳಗಾವಿಗೆ ಹೋದಾಗ ಅವನ ಮೊದಲ ಮಾತಿಗೇ ಸಾಹೇಬರು ನಕ್ಕರಂತೆ. ಆಮೇಲೆ ಅವನು ಬಾಯಿಯೇ ತೆರೆಯಲಿಲ್ಲ. ಈ ಸಲವೂ ನೌಕರಿ ತಪ್ಪಿದರೆ ಹೊಲವೇ ಗತಿ ಎಂದು ಅಪ್ಪ ಹೇಳಿಬಿಟ್ಟಿದ್ದ.

ಜಿನ್ನವ್ವ ಹುಕ್ಕೇರಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಸಾಲೆ ಕಲಿಯುತ್ತಿದ್ದಳು; ಈಗ ಅಲ್ಲಿಗೇ ಹೊರಟಿದ್ದಳು. “ನಮ್ಮಣ್ಣ ಬಿ.ಎ.! ಸಾಹೇಬನ ಬಾಜೂ ಕುರ್ಚಿ ಮ್ಯಾಲ ಕುಂದರತಾನ” ಎಂದು ಗೆಳತಿಯರ ಮುಂದೆ ಜಂಬ ಕೊಚ್ಚಿದ್ದಳು.

ಹುಕ್ಕೇರಿ ಮುಟ್ಟಿದಾಗ ಊರ ಬಾವಿಯ ಹತ್ತಿರ ಸಾಲೆಯ ಗೆಳತಿ ಶೆಟ್ಟೆವ್ವ ಕೊಡ ಹಿಡಿದು ನಿಂತಿದ್ದಳು.

“ಜಿನ್ನೀ, ಎತ್ತಿಗೆ ಏನೋ ಒದರಾಕತ್ತಾನಲ್ಲ, ಯಾರ ಅಂವ?”

ಅಣ್ಣನ ಮಾಸಿದ ಧೋತರ, ಮಣ್ಣಾದ ಕಾಲು ನೋಡಿ ಜಿನ್ನವ್ವನಿಗೆ ನಾಚಿಕೆಯಾಯಿತು. “ನಮ್ಮ ಆಳು” ಎಂದುಬಿಟ್ಟಳು.

ನೇಮಣ್ಣ ತಿರುಗಿ ನೋಡಲಿಲ್ಲ. ಅವನ ಇಂಗ್ಲೀಷ್ ಅಲ್ಲಿಗೇ ನಿಂತಿತು.

ಗಾಡಿ ಓಣಿ ದಾಟಿತು. ಜಿನ್ನವ್ವನಿಗೆ ತಡೆಯಲಾಗಲಿಲ್ಲ. “ಅಣ್ಣಾ, ಮಾತಾಡೋ.”

“ಆಳಿಗೆ ಯಾಕವ್ವಾ ಇಂಗ್ಲೀಷ?”

ಧ್ವನಿಯಲ್ಲಿ ಸಿಟ್ಟೇ ಇರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಜಿನ್ನವ್ವ ಗಾಡಿಯಿಂದ ಜಿಗಿದು ಬಾವಿಯ ಕಡೆ ಓಡಿದಳು.

“ಶೆಟ್ಟೆವ್ವಾ, ನಾ ಸುಳ್ಳ ಹೇಳಿದೆ. ಅಂವ ನಮ್ಮಣ್ಣ. ಬಿ.ಎ. ಅಣ್ಣ.”

“ಅಯ್ಯ! ಬಿ.ಎ. ಕಲತು ಎತ್ತಿನ ಕೂಡ ಮಾತಾಡ್ತಾನ?” ಶೆಟ್ಟೆವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ನೀರಿಗೆ ಬಂದ ಹೆಂಗಸರೂ ನಕ್ಕರು.

ತಕ್ಕ ಉತ್ತರ ಕೊಡಬೇಕೆಂದು ಜಿನ್ನವ್ವ ಬಾಯಿ ತೆರೆದಳು. ಸಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವ ಹುಡುಗಿಗೆ ಒಂದು ಮಾತೂ ಬರಲಿಲ್ಲ.

ಬೆಳಗಾವಿಯಲ್ಲಿ ಅಣ್ಣನಿಗೂ ಹೀಗೇ ಆಗಿರಬೇಕು.

ಅವಳು ನಿಂತಿದ್ದ ಗಾಡಿಗೆ ಮೆಲ್ಲಗೆ ನಡೆದು ಬಂದು ಮುಂದೆ, ಅವನ ಪಕ್ಕದಲ್ಲೇ ಕೂತಳು. “ಅಣ್ಣಾ, ನನ್ನ ಮುಂದ ಹೇಳು. ನಾ ನಗೂದಿಲ್ಲ.”

ನೇಮಣ್ಣ ಗಂಟಲು ಸರಿಮಾಡಿಕೊಂಡ. ಮಾತು ಹೊರಡಲು ಬಹಳ ಹೊತ್ತು ಹಿಡಿಯಿತು. ಜಿನ್ನವ್ವ ಅವಸರ ಮಾಡಲಿಲ್ಲ.